ಮೊದಲ ಪಂಕ್ತಿಯಲ್ಲಿ ಕೂತೆ

ನಿಗಡಿ, ಪುಣೆ
೧೨ ಫೆಬ್ರವರಿ ೨೦೨೫

ಪ್ರೀತಿಯ ನಾಗಕ್ಕನಿಗೆ ತಂಗಿ ಶಿವಕಾಂತಾಳ ಶರಣು.

ನಿನ್ನ ಪತ್ರ ದೀಪಾವಳಿಗೇ ಬಂದಿತ್ತು. ನನ್ನ ಉತ್ತರ ಹೊರಟಿರುವುದು ಸಂಕ್ರಮಣ ದಾಟಿದ ಮೇಲೆ. ಬೈಯುವುದಿದ್ದರೆ ಬೈದು ಮುಗಿಸು, ಆಮೇಲೆ ಓದು. ಫೋನು ಮಾಡಬಹುದಿತ್ತು. ಆದರೆ ನೀನು ಕಿವಿಯ ಮಿಷನ್ನನ್ನು ಡಬ್ಬಿಯಲ್ಲಿ ಮುಚ್ಚಿಟ್ಟು "ಹಾಂ? ಹಾಂ?" ಅನ್ನುತ್ತಿ, ನಾನು ಇಲ್ಲಿ ಕೂಗಿದ್ದು ನಿನ್ನೊಬ್ಬಳನ್ನು ಬಿಟ್ಟು ಇಡೀ ಬಿಲ್ಡಿಂಗಿಗೆ ಕೇಳಿಸುತ್ತದೆ. ಈ ಸುದ್ದಿ ಬಿಲ್ಡಿಂಗಿಗೂ ಹೇಳುವವಳೇ, ಆದರೆ ಮೊದಲು ನಿನಗೆ.

ಗೆದ್ದೆ ಅಕ್ಕ! ನನ್ನ ಸಕ್ಕರೆ ಇಳಿದಿದೆ. ರಾತ್ರಿ ಮಲಗಿದರೆ ಬೆಳಗಿನವರೆಗೆ ನಿದ್ದೆ. ಮೈಗೆ ಬಿಗಿಯಾಗಿ ಕಪಾಟಿಗೆ ಸೇರಿದ್ದ ರವಿಕೆಗಳೆಲ್ಲ ಹೊರಗೆ ಬಂದಿವೆ. ಮಗ ಬಸವಲಿಂಗನ ಮದುವೆಯೂ ನಿಶ್ಚಯವಾಗಿದೆ. ಇವೆಲ್ಲ ಒಂದೇ ಸುದ್ದಿ ಎಂದರೆ ನೀನು ನಂಬಲಾರೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ನೀನು ಬಂದಾಗ ನನ್ನ ಅವತಾರ ನೋಡಿದ್ದಿ. ಫ್ಯಾನಿನ ಕೆಳಗೆ ಕೂತರೂ ಮೈಯೆಲ್ಲ ಬೆಂಕಿ, ಕುತ್ತಿಗೆಯಿಂದ ಬೆವರು. ಮುಟ್ಟು ಎರಡು ತಿಂಗಳು ಬಂದರೆ ಮೂರು ತಿಂಗಳು ಇಲ್ಲ. ಚಮಚ ಕೆಳಗೆ ಬಿದ್ದರೂ ಮೂಗಿನ ತುದಿಗೆ ಸಿಟ್ಟು. ನಮ್ಮ ಅತ್ತೆ ಪಾರವ್ವ ನಿನ್ನೆದುರಿಗೇ ಮೆಣಸಿನಕಾಯಿ ನಿವಾಳಿಸಿ, "ಯಾರ ಕಣ್ಣೋ ಏನೋ, ಛಲೋ ಇದ್ದಾಕಿ ಹಿಂಗ ಆದ್ಲು" ಅಂದಿದ್ದರು. ನಮ್ಮವರಂತೂ ದೃಷ್ಟಿಯನ್ನೂ ನಂಬಲಿಲ್ಲ, ಔಷಧವನ್ನೂ ನಂಬಲಿಲ್ಲ. "ವಯಸ್ಸಾತಲ್ಲ, ಅದಕ್ಕ" ಅಂದು ಪೇಪರ್ ತಿರುವಿದರು. ನನಗಿಂತ ಆರು ವರ್ಷ ದೊಡ್ಡವರು ಈ ಮಾತು ಹೇಳುವುದು!

ನೀನು ಹೋದ ಮೇಲೆ ಒಂದು ದಿನ ತಲೆ ತಿರುಗಿ ಅಡಿಗೆಮನೆಯ ಕಟ್ಟೆ ಹಿಡಿದು ಕೂತೆ. ಬಸವಲಿಂಗ ಗಾಬರಿಯಾಗಿ ಡಾಕ್ಟರ್ ನೀತಾ ಅವರ ಹತ್ತಿರ ಕರೆದುಕೊಂಡು ಹೋದ. ಮರಾಠಿಯವಳು, ನನ್ನದೇ ವಯಸ್ಸು. ರಕ್ತ ತಪಾಸಣೆ ಮಾಡಿಸಿದಳು. ಸಕ್ಕರೆ ಗೆರೆ ದಾಟಿತ್ತು. ನಾನು ಸಿಹಿ ಮುಟ್ಟುವವಳಲ್ಲ, ನನಗೆ ಹೇಗೆ ಬಂತು ಎಂದು ಜಗಳಕ್ಕೇ ನಿಂತೆ. ಆಕೆ ನಕ್ಕಳು. ಮುಟ್ಟು ನಿಲ್ಲುವ ಕಾಲಕ್ಕೆ ಮೈಯೊಳಗಿನ ಹಾರ್ಮೋನುಗಳು ಏರಿಳಿದು ಕೊನೆಗೆ ಇಳಿಯುತ್ತವಂತೆ. ಇಷ್ಟು ದಿನ ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡಲು ಅವೂ ಕೈಜೋಡಿಸುತ್ತಿದ್ದವು. ಅವು ಹೋದರೆ ಬೆವರು, ನಿದ್ದೆಗೇಡು. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಾದರೆ ಒತ್ತಡದ ಇನ್ನೊಂದು ಹಾರ್ಮೋನು ಏರಿ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಆ ಕೊಬ್ಬು ಸಕ್ಕರೆಯನ್ನು ಮತ್ತಷ್ಟು ಕೆಡಿಸುತ್ತದೆ. "ಇದು ನಿಮ್ಮ ಸ್ವಭಾವ ಅಲ್ಲ ತಾಈ, ನಿಮ್ಮ ಶರೀರ" ಎಂದಳು. ಅಕ್ಕ, ಅಷ್ಟು ಕೇಳಿ ನನಗೆ ಅಳು ಬಂತು. ವರ್ಷಗಟ್ಟಲೆ ಎಲ್ಲರೂ ನನ್ನನ್ನು ಸಿಡುಕಿ ಅಂದಿದ್ದರು, ನಾನೂ ಹೌದೆಂದುಕೊಂಡಿದ್ದೆ.

ಆಮೇಲೆ ಆಕೆ ಕೇಳಿದಳು, "ರಾತ್ರೀಚ ಜೇವಣ ಕಿತೀ ವಾಜತಾ?" ರಾತ್ರಿ ಊಟ ಎಷ್ಟಕ್ಕೆ? ನಾನು ಸಹಜವಾಗಿ ಹೇಳಿದೆ: ಎಲ್ಲರದೂ ಆದ ಮೇಲೆ. ಅಂದರೆ ಎಷ್ಟಕ್ಕೆ? ನಮ್ಮವರು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿ ಮುಚ್ಚಿ ನಿಗಡಿ ಮುಟ್ಟುವಾಗ ಹತ್ತು ಹೊಡೆದಿರುತ್ತದೆ. ಬಸವಲಿಂಗ ಮಗರಪಟ್ಟಾದ ಆಫೀಸಿನಿಂದ ಇನ್ನೂ ತಡ. ಇಬ್ಬರದೂ ಮುಗಿಸಿ, ಒಲೆ ಒರೆಸಿ, ನಾನು ಕೂರುವಾಗ ಪಲ್ಯ ತಳ ಕಂಡಿರುತ್ತದೆ. ಉಳಿದ ಅನ್ನ, ಅದಕ್ಕೆ ತಿಳಿಸಾರು. ಅಲ್ಲಿಯವರೆಗೆ ಹಸಿವು ತಡೆಯಲು ಚಹಾದ ಮೇಲೆ ಚಹಾ, ಜೊತೆಗೆ ಬಿಸ್ಕೀಟು. ಸಿಹಿ ಮುಟ್ಟುವವಳಲ್ಲವಂತೆ ನಾನು! ಡಾಕ್ಟರ್ ಪೆನ್ನು ಕೆಳಗಿಟ್ಟಳು. ಗುಳಿಗೆ ಕೊಡುತ್ತೇನೆ, ನಡಿಗೆ ಹೇಳುತ್ತೇನೆ, ಆದರೆ ಹೊತ್ತು ಮುಳುಗುತ್ತಲೇ ಊಟ ಆಗಬೇಕು, ತಟ್ಟೆಯಲ್ಲಿ ಮೊದಲು ಪಲ್ಯ, ಬೇಳೆ. ಅದಾಗದಿದ್ದರೆ ಮೂರು ತಿಂಗಳಿಗೆ ಗುಳಿಗೆ ಎರಡರಷ್ಟಾಗುತ್ತದೆ ಎಂದಳು.

ಗುಳಿಗೆ ಸುಲಭ. ನಡಿಗೆಯೂ ಸುಲಭ. ಗಂಡನಿಗಿಂತ ಮೊದಲು ಉಣ್ಣುವುದಿದೆಯಲ್ಲ, ಅದು ನಮ್ಮ ಮನೆಯಲ್ಲಿ ಗುಡ್ಡ ಹೊರುವ ಕೆಲಸ. ಮೊದಲ ದಿನ ಕಳ್ಳಿಯ ಹಾಗೆ ಅಡಿಗೆಮನೆಯಲ್ಲಿ ನಿಂತೇ ಉಂಡೆ. ಅತ್ತೆ ತಟ್ಟೆಯ ಸಪ್ಪಳ ಕೇಳಿ ಬಂದು ಬಾಗಿಲಲ್ಲಿ ನಿಂತರು. "ಅವ ದುಡದು ಇನ್ನಾ ದಾರ್‍ಯಾಗ ಅದಾನ, ನಿಂದು ಆಗ್ಲೇ ನಡದದ?" ಅಂದರು. ಬಾಯಲ್ಲಿದ್ದ ತುತ್ತು ನುಂಗಿ, "ಹೌದ್ರಿ ಅತ್ತಿ, ನಡದದ. ನಾಳಿನೂ ನಡೀತದ" ಅಂದೆ. ಅಂದುಬಿಟ್ಟೆ! ಮರುದಿನ ತಟ್ಟೆ ತಂದು ಹಾಲಿನಲ್ಲಿ, ಟೀವಿಯ ಎದುರಿಗೇ ಕೂತೆ. ಅತ್ತೆ ಎದ್ದು ಒಳಗೆ ಹೋದರು. ನಮ್ಮವರು ಬಂದು, "ಅಂದ್ರ ನಾ ಒಬ್ಬನ ಉಣಬೇಕು?" ಎಂದು ಮುಖ ಊದಿಸಿದರು. ಇಪ್ಪತ್ತೇಳು ವರ್ಷ ಒಬ್ಬಳೇ ಉಂಡವಳನ್ನು ಕೇಳುವ ಪ್ರಶ್ನೆ ನೋಡು. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಬಲ್ಲವಳ ಮಾತು ಯಾರೂ ಎತ್ತಲಿಲ್ಲ.

ಆದರೆ ಜಿದ್ದು ನನ್ನದು, ನಿನಗೆ ಗೊತ್ತು. ಬಿಡಲಿಲ್ಲ.

ಪರೀಕ್ಷೆ ಬಂದದ್ದು ಡಿಸೆಂಬರಿನಲ್ಲಿ. ಬಸವಲಿಂಗನ ಆಫೀಸಿನಲ್ಲೇ ಕೆಲಸ ಮಾಡುವ ಮಾಧುರಿ, ಸೊಲ್ಲಾಪುರದ ನಮ್ಮ ಜನದವಳೇ. ಇಬ್ಬರೂ ಒಪ್ಪಿಕೊಂಡ ಮೇಲೆ ಅವಳ ಕಡೆಯ ಹಿರಿಯರು ನಮ್ಮ ಮನೆ ನೋಡಲು ಬಂದರು, ಹುಡುಗಿಯನ್ನೂ ಕರೆದುಕೊಂಡು. ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು, ರೊಟ್ಟಿ ಎಲ್ಲ ಮಾಡಿದ್ದೆ. ನಮ್ಮಲ್ಲಿ ಗಂಡಸರ ಪಂಕ್ತಿ ಮೊದಲು, ಹೆಂಗಸರದು ಆಮೇಲೆ. ಬಂದವರು ಮಾತಾಡುತ್ತ ಉಂಡರೆ ಆ "ಆಮೇಲೆ" ಅನ್ನುವುದು ಮೂರು ಗಂಟೆಗೆ ಬರುತ್ತದೆ. ಗಡಿಯಾರ ಒಂದು ಹೊಡೆಯಿತು. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಮೈಯಲ್ಲಿ ಮತ್ತೆ ಆ ಬೆಂಕಿ ಏಳುತ್ತಿತ್ತು. ಇವತ್ತು ತಡೆದರೆ ನಾಳೆ ಹಬ್ಬ, ನಾಡಿದ್ದು ಮದುವೆ. ಮತ್ತೆ ಹಳೆಯದೇ ಆಗುತ್ತದೆ ಅನ್ನಿಸಿತು. ತಟ್ಟೆ ತೆಗೆದುಕೊಂಡೆ. ಬೀಗರ ಸಾಲಿನ ತುದಿಗೆ ಹೋಗಿ ಕೂತೆ.

ನಮ್ಮವರು ಕಣ್ಣು ಕೆಂಪಗೆ ಮಾಡಿ ಬಗ್ಗಿ, "ಬೀಗರ ಎದುರಿಗೆ ಏನಿದು? ಒಂದ ದಿನ ತಡದ್ರ ಏನಾಗ್ತದ?" ಅಂದರು. ಮಗನ ಸಂಬಂಧ ನನ್ನ ತಟ್ಟೆಯಿಂದ ಮುರಿಯಿತು ಎಂದೇ ತಿಳಿದೆ. ಆಗ ಮಾತಾಡಿದವರು ಯಾರು ಗೊತ್ತೇ? ಅತ್ತೆ! ಕುರ್ಚಿಯಿಂದಲೇ ತಮ್ಮ ಎಡಗಾಲು ಮುಂದೆ ಚಾಚಿದರು. ಸಕ್ಕರೆ ಕಾಯಿಲೆಯಿಂದ ಆ ಕಾಲಿನ ಎರಡು ಬೆರಳು ಹೋಗಿವೆ.

"ಏನಾಗ್ತದ ಅಂತ ಕೇಳ್ತಿಯಲ್ಲೋ ಸಿದ್ದಲಿಂಗಾ, ಇದಾಗ್ತದ ನೋಡು. ನಾನೂ ತಡಕೋತನ ಬಂದಾಕಿ. ನಿಮ್ಮಪ್ಪ ಉಂಡು, ನೀವೆಲ್ಲಾ ಉಂಡು, ಕಡೀಕ ಉಳದಿದ್ದು ಉಂಡೆ. ಬೆಳ್ಳ ಹೋದವು. ಆಕಿಗೆ ಬಡಸು. ಮೊದಲ ಪಲ್ಯ ಹಾಕು."

ನಮ್ಮವರು ಎದ್ದರು. ಹೊರಗೆ ಹೋಗುತ್ತಾರೆಂದುಕೊಂಡೆ. ಅಡಿಗೆಮನೆಗೆ ಹೋಗಿ ಪಲ್ಯದ ಪಾತ್ರೆ ತಂದು ನನ್ನ ತಟ್ಟೆಗೆ ಬಡಿಸಿದರು. ಅರ್ಧ ಕೆಳಗೆ ಚೆಲ್ಲಿತು, ಬಡಿಸಿ ರೂಢಿ ಇದ್ದರೆ ತಾನೇ? ಆ ಹುಡುಗಿ ಮಾಧುರಿ ಕಿಸಕ್ಕನೆ ನಕ್ಕು, ತಾನೂ ಒಂದು ತಟ್ಟೆ ತೆಗೆದುಕೊಂಡು ನನ್ನ ಪಕ್ಕ ಕೂತಳು. "ಅಪ್ಪಾ, ನಾ ಈ ಮನೀಗೆ ಬರಾಕಿ" ಅಂದಳು. ಅವರಪ್ಪನಿಗೆ ಇನ್ನೇನು ಉಳಿಯಿತು ಹೇಳು! ಹೋಳಿಗೆ ಬಡಿಸಲು ಬಸವಲಿಂಗ ನಿಂತ. ನಮ್ಮ ಮನೆಯಲ್ಲಿ ಗಂಡಸರು ಬಡಿಸಿದ್ದನ್ನು ನಾನು ಅವತ್ತೇ ಕಂಡದ್ದು.

ಹೋದ ವಾರ ಮತ್ತೆ ರಕ್ತ ಕೊಟ್ಟೆ. ಡಾಕ್ಟರ್ ಚೀಟಿ ನೋಡಿ ಕುರ್ಚಿಯಿಂದೆದ್ದು ನನ್ನ ಕೈ ಕುಲುಕಿದಳು. ಗುಳಿಗೆ ಏರಿಸುವ ಮಾತೇ ಇಲ್ಲ. ಬೆವರು ಇನ್ನೂ ಆಗೀಗ ಬರುತ್ತದೆ, ಬಂದರೆ ಬರಲಿ. ಸಿಟ್ಟೂ ಇದೆ, ಪೂರಾ ಬಿಡುವುದಿಲ್ಲ, ಬೇಕಾಗುತ್ತದೆ. ಈಗ ನಮ್ಮವರು ಅಂಗಡಿಯನ್ನು ಗುಮಾಸ್ತ ಮಲಕಪ್ಪನ ಕೈಗೆ ಬಿಟ್ಟು, ಸ್ವಾರಗೇಟಿನಲ್ಲಿ ಮೆಟ್ರೋ ಹಿಡಿದು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆ. ಅತ್ತೆ, ಅವರು, ನಾನು ಮೂವರೂ ಒಟ್ಟಿಗೆ ಕೂರುತ್ತೇವೆ. ಅವರ ಹೊಟ್ಟೆಯೂ ಇಳಿಯುತ್ತಿದೆ, ಆದರೆ ಒಪ್ಪಿಕೊಳ್ಳುವುದಿಲ್ಲ.

ಮದುವೆ ವೈಶಾಖದಲ್ಲಿ. ಎಂಟು ದಿನ ಮೊದಲೇ ಬಾ, ಕಿವಿಯ ಮಿಷನ್ ಹಾಕಿಕೊಂಡೇ ಬಾ. ಮೊದಲ ಪಂಕ್ತಿಯಲ್ಲಿ ನಿನ್ನ ಜಾಗ ಹಿಡಿದಿಟ್ಟಿರುತ್ತೇನೆ. ಮಾವನವರ ಪಾದಕ್ಕೆ ನಮಸ್ಕಾರ ಹೇಳು. ನಿನ್ನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ನೂರು ವರ್ಷ ಬಾಳಲಿ.

ನಿನ್ನ ತಂಗಿ
ಶಿವಕಾಂತಾ

ತಾ.ಕ.: ಇದನ್ನು ಯಾರಿಗೂ ಓದಿ ಹೇಳಬೇಡ. ಮೊನ್ನೆ ಮೂವರೂ ಉಣ್ಣುವಾಗ ನಮ್ಮವರು ಪ್ರೀತಿಯಿಂದಲೇ ಕೇಳಿದರು, "ನಾಳೆ ಬರೂಮುಂದ ನಿನಗ ಸೇರೂದು ಏನರ ತರ್ತೀನಿ. ನಿನಗ ಏನ ಸೇರ್ತದ?" ಅವರಿಗೆ ಮುಳಗಾಯಿ ಎಣ್ಣೆಗಾಯಿ ಸೇರುತ್ತದೆ, ಅತ್ತೆಗೆ ಪುಂಡಿಪಲ್ಯ, ಬಸವಲಿಂಗನಿಗೆ ಹೆಸರುಕಾಳು, ಎಲ್ಲ ಬಾಯಿಪಾಠ. ನನ್ನದು ಹೇಳಲು ಬಾಯಿ ತೆರೆದೆ, ಏನೂ ಬರಲಿಲ್ಲ ಅಕ್ಕ. ಎಷ್ಟು ಯೋಚಿಸಿದರೂ ಬರಲಿಲ್ಲ. "ಏನರ ತರ್ರಿ" ಅಂದು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಅವ್ವ ಇದ್ದಿದ್ದರೆ ಅವಳನ್ನು ಕೇಳುತ್ತಿದ್ದೆ. ಈಗ ಕೇಳಲು ನೀನೊಬ್ಬಳೇ ಇದ್ದಿ. ಮದುವೆಗೆ ಮೊದಲು ನನಗೆ ಏನು ಸೇರುತ್ತಿತ್ತು? ನಿನಗೆ ನೆನಪಿದ್ದರೆ ಬರಿ.