ಹಸಿದ ಎಲುಬು

ಮಾರ್ಚ್ 9, ಬೆಳಿಗ್ಗೆ

ಹೊಲಿಗೆ ಅಂಗಡಿ ತೆರೆದೆ. ಆಪರೇಷನ್ ಆಗಿ ಆರನೇ ದಿನ. ಕನ್ನಡಿಯಲ್ಲಿ ಕುತ್ತಿಗೆ ನೋಡಿಕೊಂಡೆ — ಡಾಕ್ಟರಮ್ಮನ ಹೊಲಿಗೆ ನೀಟಾಗಿದೆ, ನನ್ನಷ್ಟಲ್ಲ. ತೆಗೆದದ್ದು ಬಟಾಣಿಯಷ್ಟು ಗ್ರಂಥಿ. ಅದು ಕೆಟ್ಟು, ವರ್ಷಗಟ್ಟಲೆ ಎಲುಬಿನಿಂದ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕಿತ್ತು ರಕ್ತಕ್ಕೆ ಸುರಿಯುತ್ತಿತ್ತಂತೆ. ಈಗ ಮೂರು ಹೊತ್ತೂ ಕ್ಯಾಲ್ಸಿಯಂ ಮಾತ್ರೆ. ಹೆಚ್ಚಾಯಿತೆಂದು ಕತ್ತರಿಸಿದವರೇ ಮತ್ತೆ ಅದನ್ನೇ ನುಂಗು ಅಂದರೆ? ಉದ್ದವಾಯಿತೆಂದು ಕತ್ತರಿಸಿದ ತೋಳಿಗೆ ಯಾರಾದರೂ ಮತ್ತೆ ಬಟ್ಟೆ ಕೂಡಿಸುತ್ತಾರಾ? ಮಾತ್ರೆ ನಿಲ್ಲಿಸಿದೆ.

ಮಾರ್ಚ್ 11

ತುಟಿಯ ಸುತ್ತ ಜುಮುಜುಮು. ಬೆರಳಲ್ಲೂ. ಕತ್ತರಿ ಹಿಡಿಯುವ ಕೈಗೆ ಜೋಮು ಹೊಸದಲ್ಲ, ಬಿಡು. ಕಾಜಾ ಅಕ್ಕ ದುರುಗುಟ್ಟಿ ನೋಡುತ್ತಿದ್ದಾಳೆ. ಇಪ್ಪತ್ತು ವರ್ಷದಿಂದ ನನ್ನಲ್ಲಿ ಗುಂಡಿಗೆ ಕಾಜಾ ಹೊಲಿಯುವವಳು.

"ಮಾತ್ರೆ ತಗೊಂಡ್ಯಾ?"

"ನಿನ್ನ ಕೆಲಸ ನೋಡು" ಅಂದೆ.

ಮಾರ್ಚ್ 15, ಆಸ್ಪತ್ರೆ

ಬರೆಯಲು ಇವತ್ತೇ ಆಗಿದ್ದು. ಹನ್ನೆರಡನೇ ತಾರೀಕು, ಕೋಟಿನ ಬಟ್ಟೆ ಕತ್ತರಿಸುವಾಗ ಬಲಗೈ ತಾನಾಗಿ ಮಡಚಿಕೊಂಡಿತು. ಕತ್ತರಿಯ ಸಮೇತ. ಎಷ್ಟು ಎಳೆದರೂ ಬೆರಳು ಬಿಚ್ಚಲಿಲ್ಲ. ಮೂವತ್ತು ವರ್ಷ ಅನ್ನ ಹಾಕಿದ ಕೈ... ಹೋಯಿತು ಅಂದುಕೊಂಡೆ. ಗಿರಾಕಿಗಳ ಮುಂದೆಯೇ ಅತ್ತೆ.

ಅಕ್ಕ ಮೆಲ್ಲಗೆ ಕತ್ತರಿ ಬಿಡಿಸಿದಳು. ಟ್ಯಾಕ್ಸಿ ಹತ್ತಿಸಿದಳು. ಇಲ್ಲಿ ಕ್ಯಾಲ್ಸಿಯಂ ಡ್ರಿಪ್. ಸಂಜೆಗೆ ಬೆರಳು ಬಿಚ್ಚಿದವು.

ಡಾಕ್ಟರಮ್ಮ ಹೇಳಿದರು, "ನಿಮ್ಮ ಎಲುಬು ವರ್ಷಗಟ್ಟಲೆ ಉಪವಾಸ ಇತ್ತಮ್ಮ. ಈಗ ಕಿತ್ಕೊಳ್ಳೋರು ಹೋದ್ರು, ರಕ್ತದಲ್ಲಿ ಇರೋದನ್ನೆಲ್ಲ ಗಬಗಬ ತಿಂತಿದೆ. ರಕ್ತಕ್ಕೆ ಕಮ್ಮಿಯಾದ್ರೆ ಕೈ ಸೆಟೆದುಕೊಳ್ಳುತ್ತೆ. ಅದಕ್ಕೇ ಮಾತ್ರೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ನನ್ನ ಹೊಲಿಗೇಲಿ ತಪ್ಪು ಹುಡುಕ್ತಿದ್ರಿ."

ಮಾತ್ರೆಗೆ ಕೈ ಚಾಚಿದೆ.

ಏಪ್ರಿಲ್ 20

ಒಂದು ಮಾತ್ರೆಯೂ ತಪ್ಪಿಲ್ಲ. ಅಕ್ಕ ನುಂಗಿಸಿ, ಬಾಯಿ ತೆರೆಸಿ ನೋಡುತ್ತಾಳೆ. ಎಲುಬಿನೊಳಗೆ ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ಬೇರೆ ಬೇರೆ ಇವೆಯಂತೆ. ನಾನು ಮಲಗಿದರೂ ಕೆಲಸ ನಿಲ್ಲುವುದಿಲ್ಲ. ಯಾರಿಗೆಂದು ಕೈಮುಗಿಯಲಿ.

ಮುಂದಿನ ಮಾರ್ಚ್, 14

ಎಲುಬಿನ ಸ್ಕ್ಯಾನ್ ಬಂತು. ಸೊಂಟ, ಬೆನ್ನು ಎರಡೂ ಗಟ್ಟಿಯಾಗಿವೆ. ರಕ್ತವೂ ಸರಿ. ಅಂಗಡಿಗೆ ಬಂದು ಅಕ್ಕನ ಎದುರು ಕೂತೆ. ಇಷ್ಟು ವರ್ಷದಲ್ಲಿ ಅವಳಿಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ ನಾನು.

"ನೀನಿಲ್ದಿದ್ರೆ ನನ್ನ ಕೈ ಉಳೀತಿರಲಿಲ್ಲ" ಅಂದೆ.

"ಯಾಕೆ, ಜ್ವರ ಗಿರ ಬಂತಾ?"

ಆಮೇಲೆ ಸೂಜಿ ಪಕ್ಕಕ್ಕಿಟ್ಟು ನನ್ನ ಕೈ ಎಳೆದುಕೊಂಡಳು. ಒಂದೊಂದೇ ಬೆರಳು ಮಡಚಿ, ಬಿಚ್ಚಿ ನೋಡಿದಳು. ನಡುಬೆರಳಿಗೆ ಬರುವಷ್ಟರಲ್ಲಿ ಅತ್ತುಬಿಟ್ಟಳು. ನಾನೂ. ಬಾಗಿಲಲ್ಲಿ ಗಿರಾಕಿ ನಿಂತೇ ಇದ್ದರು. ಇಬ್ಬರೂ ಏಳಲಿಲ್ಲ. ಕೊನೆಗೆ ಅಕ್ಕ ಕಣ್ಣೊರೆಸಿಕೊಂಡು ನನ್ನ ಕೈಗೆ ಕತ್ತರಿ ಕೊಟ್ಟು, "ನಿನ್ನ ಕೆಲಸ ನೋಡು" ಅಂದಳು.