ದವಡೆ ಕೊರೆಸಿಕೊಂಡು ಬಂದವರಿಗೆ

ರೀ,

ರಾತ್ರಿ ನೀವು ಬಂದು ಮಲಗಿದ್ದೇ ನನಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ನಿಮ್ಮ ಊದಿದ ಮುಖ, ದಿಂಬಿನ ಮೇಲಿನ ರಕ್ತ ನೋಡಿ, ಯಾರೋ ಹೊಡೆದಿದ್ದಾರೆ ಅಂತಲೇ ಅಂದ್ಕೊಂಡೆ. ನಿಮ್ಮನ್ನ ಎಬ್ಬಿಸದೆ ಹಲ್ಲಿನ ಆಸ್ಪತ್ರೆಗೆ ಫೋನ್ ಮಾಡಿದೆ. ಆ ನರ್ಸ್ ಎಷ್ಟು ಸಲೀಸಾಗಿ ಹೇಳಿದಳು ಗೊತ್ತಾ? "ಒಸಡು ಬಿಡಿಸಿ ದವಡೆ ಮೂಳೆಗೆ ಗೀರು ಹಾಕಿದ್ದೀವಿ ಅಮ್ಮಾ, ಹಲ್ಲು ಬೇಗ ಸರಿಯುತ್ತೆ." ಸೊಟ್ಟ ಹಲ್ಲಿನ ತಂತಿ ಬಿಗಿ ಮಾಡಿಸ್ಕೊಂಡು ಬರ್ತೀನಿ ಅಂತ ಹೋದವರು ನೀವು! ಅರವತ್ತು ದಾಟಿದ ಮೇಲೆ ಇದೆಂಥ ಹುಚ್ಚು?

ಒಲೆ ಮೇಲೆ ಅಕ್ಕಿಗಂಜಿ ಇದೆ, ಆರಿಸಿಕೊಂಡು ಕುಡೀರಿ. ಖಾರದ ಕಿಮ್ಚಿ ಉಪ್ಪಿನಕಾಯಿ ಮುಟ್ಟಬೇಡಿ. ನೋವು ಅಂತ ನನ್ನ ಮಂಡಿನೋವಿನ ಮಾತ್ರೆ ನುಂಗಬೇಡಿ ಮತ್ತೆ, ಅದರಿಂದ ಹಲ್ಲು ಸರಿಯೋದು ನಿಧಾನ ಆಗುತ್ತಂತೆ. ಅವರು ಕೊಟ್ಟಿದ್ದನ್ನೇ ತಗೊಳ್ಳಿ. ನಮ್ಮ ದಾಹೇ ಬುಸಾನ್‌ನಿಂದ ಫೋನ್ ಮಾಡಿದರೆ ಎತ್ತಬೇಡಿ, ಮದುವೆ ಹುಡುಗಿ ಅಪ್ಪನ ತೊದಲು ದನಿ ಕೇಳಿ ಹೆದರಿಕೊಂಡಾಳು.

ಯಾಕಿಷ್ಟು ಅವಸರ ಅಂತ ನರ್ಸನ್ನ ಕೇಳಿದೆ. "ಮಗಳ ಮದುವೆ ಫೋಟೋದಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಗಬೇಕಂತೆ" ಅಂದಳು. ಫೋನ್ ಇಟ್ಟು ಹಳೇ ಆಲ್ಬಂ ತೆಗೆದೆ. ನಮ್ಮ ಮದುವೆ ಫೋಟೋದಲ್ಲಿ ನೀವು ತುಟಿ ಬಿಗಿದು ನಿಂತಿದ್ದು ನೋಡಿ, ನಿಮಗೆ ನಾನು ಇಷ್ಟವಾಗಲಿಲ್ಲ ಅಂತಲೇ ಅಂದ್ಕೊಂಡಿದ್ದೆನಲ್ಲ, ಇಷ್ಟು ವರ್ಷ!

ಸಂಜೆ ಬೇಗ ಬರ್ತೀನಿ.

— ದಾಹೇ ಅಮ್ಮ