ಸಾಬಕ್ಕಿ ಗಂಜಿಯ ರೆಕ್ಕೆ

14 ಫೆಬ್ರವರಿ 2025, ಶುಕ್ರವಾರ
ಜುಮಾ ನಮಾಝಿಗೆ ಮೊದಲು ಎರಡು ಪಟ್ಟಿ ಹೊಲಿದಾಯಿತು. ಬೆರಳೆಲ್ಲ ತೂತು. ಕೋರಾ ಬಟ್ಟೆ ದಪ್ಪ. ಬಿದಿರಿನ ಕಡ್ಡಿ ಒಳಗೆ ಹೋಗುವಷ್ಟು ಜಾಗ ಬಿಟ್ಟು ಹೊಲಿಯಬೇಕು. ಗುಫೂಲಿನ ಈ ಸಣ್ಣ ಫ್ಲ್ಯಾಟಿನ ಹಾಲ್ ತುಂಬ ರೆಕ್ಕೆ. ನಮಾಝಿಗೆ ಮುಸಲ್ಲಾ ಹಾಸಬೇಕಾದರೆ ರೆಕ್ಕೆ ಎತ್ತಿ ಗೋಡೆಗೆ ಒರಗಿಸಬೇಕು.

ಎಲ್ಲ ರೋನ್ಸನ್‌ನಿಂದ ಆದದ್ದು. ನಮ್ಮ ಊರಿನ ಕಡೆಯ ಬಜ್ಪೆಯವನು, ಇಲ್ಲಿ ಅರಬರ ದೇಶದಲ್ಲಿ ವಿಮಾನ ರಿಪೇರಿಯ ಕೆಲಸ. ನೂರು ವರ್ಷಕ್ಕೂ ಹಿಂದೆ ಎಂಜಿನ್ ಇಲ್ಲದೆ ರೆಕ್ಕೆ ಕಟ್ಟಿ ಗುಡ್ಡದಿಂದ ಹಾರಿದವರಿದ್ದರಂತೆ. ಅವರ ಹಾಗೆಯೇ ಮಾಡಿ ನೋಡಬೇಕಂತೆ. ಸಿತ್ರಾದಲ್ಲಿ ನಮ್ಮ ಯಜಮಾನರು ದೋಣಿಗೆ ಟರ್ಪಾಲು ಹೊಲಿಯುವ ಅಂಗಡಿಗೆ ಬಟ್ಟೆ ಹಿಡಿದುಕೊಂಡು ಬಂದ. ಈಗ ಇವರಿಗೆ ಊಟ ಬೇಡ, ನಿದ್ದೆ ಬೇಡ. ಈ ವಯಸ್ಸಿನಲ್ಲಿ ಇಷ್ಟು ನಗುವುದನ್ನು ನಾನು ನೋಡಿರಲಿಲ್ಲ. ಹಾಗಾಗಿ ಬೇಡ ಎನ್ನಲಿಲ್ಲ.

21 ಫೆಬ್ರವರಿ
ಬೆಳಿಗ್ಗೆ ಅವಾಲಿಯ ಆಚೆ ಮರಳು ದಿಬ್ಬದಲ್ಲಿ ಟ್ರಯಲ್. ರೋನ್ಸನ್ ಓಡಿದ. ಹಾರಲಿಲ್ಲ — ಮರಳಲ್ಲಿ ಕೂತ. ಬಿದಿರು ಕಿರ್ ಎಂದಿತು. ಆಳು ಭಾರ.

ಸಂಜೆ ಚಹಾಕ್ಕೆ ಬಂದು ಹಳೆಯ ಫೋಟೋ ತೋರಿಸಿದ. ಜರ್ಮನಿಯವನೊಬ್ಬ, ಗಡ್ಡದವನು, ರೆಕ್ಕೆಯಡಿ ಬಾವಲಿಯ ಹಾಗೆ ನೇತಾಡುತ್ತಿದ್ದಾನೆ.

"ಇವನಿಗೆ ಮತ್ತೆ ಎಂತ ಆಯ್ತು?" ಎಂದು ಕೇಳಿದೆ.

"ತುಂಬ ಸಲ ಹಾರಿದ ಅಕ್ಕ. ಲೋಕಕ್ಕೇ ದಾರಿ ತೋರಿಸಿದವ."

"ಅದಲ್ಲ. ಕೊನೆಗೆ?"

ಅವನು ಬಿಸ್ಕತ್ತು ಅದ್ದುತ್ತಾ ಕೂತ. "ಬಿದ್ದ. ಬೆನ್ನು ಮುರೀತು. ಮರುದಿನ..."

ಯಾ ಅಲ್ಲಾಹ್. ಆಮೇಲೆ ಅವನು ಇವರ ಕಡೆ ತಿರುಗಿ, "ಕಾಕ, ನೀವು ಎಷ್ಟು ಕೆಜಿ?" ಎಂದ. ಇವರು ಮದುಮಗನ ಹಾಗೆ ತಲೆ ತಗ್ಗಿಸಿ ನಕ್ಕರು.

24 ಫೆಬ್ರವರಿ
ಸಾಬಕ್ಕಿ ಬೇಯಿಸಿ ಗಂಜಿ ಮಾಡಿ ರೆಕ್ಕೆಗೆ ಬಳಿದೆ. ಆಗಿನವರು ಹಾಗೆಯೇ ಮಾಡುತ್ತಿದ್ದರಂತೆ. ಒಣಗಿದ ಮೇಲೆ ಬಟ್ಟೆ ದಫ್ ವಾದ್ಯದ ಚರ್ಮದ ಹಾಗೆ ಬಿಗಿಯಾಯಿತು. ಬಡಿದರೆ ಸದ್ದು.

ಜಗಳವೂ ಆಯಿತು. "ನೀವು ಹತ್ತುವುದಾದರೆ ನಾನು ಹೊಲಿಯುವುದಿಲ್ಲ" ಎಂದೆ.

"ಹೊಲಿಯದೆ ಬಿಟ್ಟರೂ ಹತ್ತುತ್ತೇನೆ. ನೀನು ಹೊಲಿದರೆ ಗಟ್ಟಿ ಉಂಟು."

ಹೊಲಿದೆ. ಒಂದೊಂದು ಪಟ್ಟಿಗೂ ಬಿಸ್ಮಿ ಹೇಳಿ, ಅಲ್ಲಾಹನ ಹೆಸರಿನಲ್ಲಿ ಹೊಲಿದೆ.

28 ಫೆಬ್ರವರಿ
ಚಂದ್ರ ಕಂಡಿತು. ನಾಳೆಯಿಂದ ರಮಝಾನ್ ಉಪವಾಸದ ನೋಂಬು. ಹಬ್ಬ ಕಳೆದ ಮೇಲೆ ಹಾರಿ ಎಂದೆ. ಆಗುವುದಿಲ್ಲವಂತೆ. ರೋನ್ಸನ್‌ನ ಕಾಂಟ್ರಾಕ್ಟ್ ಮುಗಿಯಿತು, ಮಾರ್ಚ್ ಕೊನೆಗೆ ಊರಿಗೆ ಹೊರಡುತ್ತಾನೆ.

5 ಮಾರ್ಚ್
ಮಂಗಳೂರಿನಿಂದ ಮಗಳು ಅಸ್ನಾಳ ಫೋನ್.

"ಉಮ್ಮ, ಬಾಪಾಗೆ ಹಾರ್ಲಿಕ್ಕೆ ಹೇಳಿದ್ದು ಯಾರು? ಶುಗರ್ ಉಂಟಲ್ವಾ. ನೋಂಬು ಬೇರೆ. ಮಾತ್ರೆ ಎಷ್ಟೊತ್ತಿಗೆ ತಿಂತಾರೆ?"

"ಸಹ್ರಿಗೆ, ಬೆಳಕಾಗುವ ಮೊದಲು ಉಣ್ಣುವಾಗ ತಿಂತಾರೆ."

"ಡಾಕ್ಟರ್ ಹತ್ರ ಕೇಳಿದ್ರಾ?"

ಕೇಳಿಲ್ಲ. ಊರಿನಲ್ಲಿ ಯಾರಿಗೆ ಶುಗರ್ ಇಲ್ಲ? ಇವರು ಹುಡುಗನಾಗಿದ್ದಾಗಿನಿಂದ ಒಂದು ನೋಂಬೂ ಬಿಟ್ಟವರಲ್ಲ. ಮದುವೆ ಮಾತಾಡಲು ಬಂದಾಗ ಇವರ ಮನೆಯವರು ನನ್ನ ತಂದೆಗೆ ಹೇಳಿದ ಮೊದಲ ಒಳ್ಳೆಯ ಮಾತು ಅದೇ. ನನಗೂ ಅದು ಅಭಿಮಾನ.

7 ಮಾರ್ಚ್, ಶುಕ್ರವಾರ, ಸಂಜೆ ಮಗ್ರಿಬ್ ನಮಾಝ್ ಆದ ಮೇಲೆ
ಹಾರಿದರು! ಅಲ್‌ಹಂದುಲಿಲ್ಲಾಹ್.

ಇಳಿಹೊತ್ತಿನ ಅಸರ್ ನಮಾಝ್ ಆದ ಮೇಲೆ ಎದುರುಗಾಳಿ ಹದವಾಗಿತ್ತಂತೆ. ಸಣ್ಣ ದಿಬ್ಬದಿಂದ ಓಡಿದರು, ಕಾಲು ನೆಲ ಬಿಟ್ಟಿತು, ಬುಡದಲ್ಲಿ ಮೆಲ್ಲಗೆ ಇಳಿದರು. ತಲೆಗೂದಲಲ್ಲಿ ಮರಳು. ಒಂದು ಖರ್ಜೂರ ಬಾಯಿಗೆ ಹಾಕಿ ತಿನ್ನುವುದನ್ನೇ ಮರೆತರು. "ರುಖಿಯಾ, ಸದ್ದೇ ಇಲ್ಲ ಮಾರಾಯ್ತಿ. ಬಟ್ಟೆ ಮಾತ್ರ ಉಸಿರಾಡಿದ ಹಾಗೆ."

ಇವರ ಕೈ ನಡುಗುತ್ತಿತ್ತು. ಬೆವರು. ಖುಷಿಗೆ ಎಂದುಕೊಂಡೆ. ಎರಡು ಲೋಟ ಶರಬತ್ತು ಕುಡಿದ ಮೇಲೆ ನಿಂತಿತು.

12 ಮಾರ್ಚ್
ಬರುವ ಶುಕ್ರವಾರ ಎತ್ತರದ ದಿಬ್ಬ. ರೋನ್ಸನ್ ಹೇಳಿದ, "ಅಕ್ಕ, ಆ ದಿನ ಕಾಕನಿಗೆ ಜ್ಯೂಸ್ ಕುಡಿಸಿ. ಒಂದು ನೋಂಬು ಮತ್ತೆ ಹಿಡಿದರಾಯ್ತಲ್ಲ?"

ಇವರು, "ನೋಂಬಿನಲ್ಲಿ ಇನ್ನೂ ಹಗುರ ಆಗಿದ್ದೇನೆ, ನಿನಗೆ ಲಾಭವೇ ಅಲ್ಲವಾ?" ಎಂದು ನಕ್ಕರು. ಪ್ರಯಾಣಿಕರಿಗೆ ನೋಂಬು ಬಿಡಲು ಅನುಮತಿ ಉಂಟು. ಮಸೀದಿಯ ಉಸ್ತಾದರನ್ನೇ ಕೇಳಿಬಿಡುವುದು ಒಳ್ಳೆಯದು ಎಂದು ವಾಯ್ಸ್ ಕಳಿಸಿದೆ: ಹಾರಿದರೆ ಪ್ರಯಾಣ ಆಗುತ್ತದಾ?

ಉತ್ತರ ಬಂತು. "ದೂರದ ಊರಿಗೆ ಹೋದರೆ ಮಾತ್ರ ಪ್ರಯಾಣ ಅಮ್ಮಾ. ದಿಬ್ಬದಿಂದ ಹಾರಿ ಅದರ ಬುಡಕ್ಕೇ ಇಳಿದರೆ ಹೇಗೆ ಆಗ್ತದೆ? ನೋಂಬು ಇರಲಿ." ನಗುತ್ತಿದ್ದರು.

ಇವರಿಗೆ ಕೇಳಿಸಿದೆ. "ನಾನು ಹೇಳಿದ್ದೇ ಅಲ್ಲವಾ" ಎಂದರು. ನನಗೂ ಸಮಾಧಾನ. ಕೇಳಿಯೇ ಮಾಡುತ್ತಿದ್ದೇವಲ್ಲ.

14 ಮಾರ್ಚ್, ಶುಕ್ರವಾರ
ಸಹ್ರಿಗೆ ಎರಡು ಪತ್ತಿರ್ ರೊಟ್ಟಿ ಹೆಚ್ಚು ಹಾಕಿದೆ. ತಿನ್ನಲಿಲ್ಲ, ಹೊಟ್ಟೆ ಹಗುರ ಇರಲಿ ಎಂದರು. ಮಾತ್ರೆ ತಿಂದರು. ಈಗ ಜುಮಾ ಮುಗಿಸಿ ಬಂದರು. ಕೆಳಗೆ ರೋನ್ಸನ್‌ನ ಪಿಕಪ್ ಹಾರ್ನ್. ಈ ಸಲ ನಾನೂ ಹೋಗುತ್ತೇನೆ.

19 ಮಾರ್ಚ್, ಆಸ್ಪತ್ರೆ
ಬರೆಯಲು ಇವತ್ತೇ ಕೈ ಬಂದದ್ದು.

ಓಡಿದರು. ರೆಕ್ಕೆ ಎದ್ದಿತು. ನಮ್ಮ ತಲೆಗಿಂತ ಎಷ್ಟೋ ಮೇಲೆ. ರೋನ್ಸನ್ "ಕಾಕ! ಕಾಕ!" ಎಂದು ಕೂಗುತ್ತಾ ಕೆಳಗೆ ಓಡುತ್ತಿದ್ದ, ಅಳುತ್ತಿದ್ದ. ನಾನು ಅಲ್ಲಾಹು ಅಕ್ಬರ್ ಎಂದು ತಕ್ಬೀರ್ ಹೇಳಿದೆ. ಅದರಲ್ಲಿ ಕಾಲು ಬೀಸಿಯೇ ಸಮ ಮಾಡಿಕೊಳ್ಳಬೇಕು — ಬೀಸುತ್ತಿದ್ದರು, ಚೆಂದಕ್ಕೆ. ಮತ್ತೆ ಕಾಲು ನಿಂತಿತು. ಒಗೆದು ನೇತುಹಾಕಿದ ಪ್ಯಾಂಟಿನ ಹಾಗೆ ಜೋತುಬಿತ್ತು. ರೆಕ್ಕೆಯ ಮೂತಿ ಮೇಲಾಯಿತು, ಒಂದು ಗಳಿಗೆ ಅಲ್ಲೇ ನಿಂತ ಹಾಗೆ... ಹಿಂದಕ್ಕೆ ಬಿತ್ತು.

ಓಡಿ ಮುಟ್ಟುವಾಗ ಮೈ ತಣ್ಣಗೆ, ಬೆವರಿನಲ್ಲಿ ಒದ್ದೆ. ಆಂಬುಲೆನ್ಸಿನವನು ಬೆರಳು ಚುಚ್ಚಿ ನೋಡಿ ಹಿಂದಿಯಲ್ಲಿ ಬೈದ. "ಶುಗರ್ ಪೂರಾ ಡೌನ್. ರೋಝಾ ಮೇ ಥೇ ಕ್ಯಾ?" ನೋಂಬು ಹಿಡಿದಿದ್ದರಾ ಎಂದು ಕೇಳಿದ್ದು. ಬೀಳುವ ಮೊದಲೇ ಎಚ್ಚರ ತಪ್ಪಿತ್ತಂತೆ.

ಆಪರೇಷನ್ ಆಯಿತು. ಜೀವ ಉಂಟು.

23 ಮಾರ್ಚ್
ಉಸ್ತಾದರು ನೋಡಲು ಬಂದರು. ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೇಳಿದರು, "ಶುಗರ್ ಇದ್ದದ್ದು ನನಗೆ ಯಾಕೆ ಹೇಳಲಿಲ್ಲ ಅಮ್ಮಾ? ಕಾಯಿಲೆಯವರಿಗೆ ವಿನಾಯಿತಿ ಉಂಟಲ್ಲವಾ. ಹಾರುವುದು ಹಾಗಿರಲಿ, ಮನೆಯಲ್ಲಿ ಕೂತರೂ ಅವರು ಡಾಕ್ಟರನ್ನು ಕೇಳದೆ ನೋಂಬು ಹಿಡಿಯಬಾರದಿತ್ತು."

ನಾನು ಪ್ರಯಾಣ ಕೇಳಿದೆ. ಕಾಯಿಲೆ ಕೇಳಲಿಲ್ಲ. ನೆನಪಾಗದೆ ಅಲ್ಲ. ಶುಗರನ್ನು ನಾವು ಕಾಯಿಲೆ ಎಂದು ಎಣಿಸಿಯೇ ಇರಲಿಲ್ಲ.

ಅವರಿಗೂ ಕಣ್ಣು ತುಂಬಿತು. ಅವರದೇನು ತಪ್ಪು? ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾರೆ.

26 ಮಾರ್ಚ್
ದೊಡ್ಡ ಡಾಕ್ಟರ್ ನನ್ನನ್ನೂ ರೋನ್ಸನ್‌ನನ್ನೂ ಕರೆದು ಕೂರಿಸಿದರು. ಇಂಗ್ಲಿಷಿನಲ್ಲಿ ತುಂಬ ಹೊತ್ತು. ರೋನ್ಸನ್ ನನ್ನ ಮುಖ ನೋಡದೆ ತುಳುವಿನಲ್ಲಿ ಚುಟುಕಾಗಿ ಹೇಳಿದ. ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ.

ಇವರಿಗೆ ಗೊತ್ತಿಲ್ಲ. ಕಾಲು ಮರಗಟ್ಟಿದ್ದು ಮದ್ದಿನ ಮಂಪರು ಎಂದುಕೊಂಡಿದ್ದಾರೆ. "ನಾನು ಹೇಳ್ತೇನೆ ಅಕ್ಕ, ನನ್ನಿಂದ ಆದದ್ದು" ಎಂದ ರೋನ್ಸನ್. ಬೇಡ ಎಂದೆ. ಹೆಂಡತಿ ಹೇಳಬೇಕಾದ್ದು.

28 ಮಾರ್ಚ್
ಹೇಳಲಿಲ್ಲ. ಇಡೀ ದಿನ ಅವರದೇ ಮಾತು. ಮೇಲಿನಿಂದ ತೈಲದ ಪೈಪುಗಳು ದಾರದ ಹಾಗೆ ಕಂಡವಂತೆ. ಹಳೆಯ ಕಾಲದವರು ಯಾಕೆ ಮತ್ತೆ ಮತ್ತೆ ಹತ್ತುತ್ತಿದ್ದರು ಎಂದು ಈಗ ಗೊತ್ತಾಯಿತಂತೆ. ನರ್ಸಿಗೂ ಹೇಳುತ್ತಾರೆ, ನೆಲ ಒರೆಸುವವಳಿಗೂ ಹೇಳುತ್ತಾರೆ.

30 ಮಾರ್ಚ್, ಹಬ್ಬ
ಕಿಟಕಿಯಾಚೆ ತಕ್ಬೀರ್ ಕೇಳುತ್ತಿದೆ. ಮಲಗಿದ್ದಲ್ಲೇ ಮುಖ ಒರೆಸಿ ಅತ್ತರ್ ಹಚ್ಚಿದೆ. ಹಬ್ಬದ ಪಾಯಸ ಶೀರ್ ಕುರ್ಮಾಕ್ಕೆ ಸಕ್ಕರೆ ಹಾಕಿಲ್ಲ. ನಾಲ್ಕು ಚಮಚ ತಿಂದರು. "ಸಪ್ಪೆ" ಎಂದರು. ಕಣ್ಣು ಮುಚ್ಚಿದರು.

ಎದ್ದ ಕೂಡಲೇ ಹೇಳುವುದು. ಎರಡು ರಕಅತ್ ನಮಾಝ್ ಮಾಡಿ ಧೈರ್ಯ ಬೇಡಿಕೊಂಡೆ.

ಎದ್ದರು. ಎಂತ ಬರೆಯುವುದು ಎಂದು ಕೇಳುತ್ತಾರೆ. ಏನಿಲ್ಲ ಎಂದೆ. ಎ.ಸಿ. ಜಾಸ್ತಿಯಾಯಿತು, ಕಂಬಳಿ ಕಾಲಿನ ಮೇಲೆ ಉಂಟಾ ನೋಡು ರುಖಿಯಾ, ಎನ್ನುತ್ತಿದ್ದಾರೆ.

ಉಂಟು. ನಾನೇ ಹೊದೆಸಿದ್ದು. ಈಗ ಪೆನ್ನು ಕೆಳಗಿಟ್ಟು ಹೇಳುವುದು.